ಕೂಗದೇ ಇರುವವರ ಲೆಕ್ಕ

ಹೋದ ವಾರ ಗವಿಪುರದ ಗುಡಿಯ ಹತ್ತಿರ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಸ್ಕೂಟರಿನಿಂದ ಇಳಿಯದೆಯೇ, "ಗೊತ್ತಾಯ್ತಾ? ನಮ್ಮ ಕಂಪ್ಯೂಟರ್ ಮೇಡಂ ಹೋಗ್ಬಿಟ್ರಂತೆ" ಎಂದು ಹೇಳಿ ಹೊರಟೇ ಹೋದರು. ಸಾವಿನ ಸುದ್ದಿ ಹೇಳುವ ರೀತಿಯೇ ಇದು? ಆ ಸಿಟ್ಟನ್ನು ಮನೆಗೆ ತಂದು ಹೆಂಡತಿಯ ಮೇಲೆ ತೀರಿಸಿಕೊಂಡೆ. ಅವಳು ಕಾಫಿ ತಂದಿಟ್ಟು, "ಯಾರು ಹೋದ್ರು ಹೇಳಿ" ಎಂದಳು. ಹೇಳಿದೆ.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಲು ಹೋದಾಗ "ಈ ಸೆಕೆಗೆ ಇದ್ಯಾಕ್ರೀ" ಎಂದು ವೇದಿಕೆಯ ಮೇಲೆಯೇ ಮಡಿಸಿ ಕುರ್ಚಿಯ ಮೇಲಿಟ್ಟವರು ಅವರು. ಹೆಸರು ಹಾಕಿ ಬರೆದರೆ ಎಲ್ಲಿದ್ದರೂ ಬೈಯುತ್ತಾರೆ.

ಚಾಮರಾಜಪೇಟೆಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಕಣ್ಣಾಸ್ಪತ್ರೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಪರ್ಚೇಸ್ ವಿಭಾಗ. ಹತ್ತಿಯಿಂದ ಹಿಡಿದು ಲೇಸರ್ ಯಂತ್ರದವರೆಗೆ ಆಸ್ಪತ್ರೆ ಏನು ಕೊಳ್ಳಬೇಕಾದರೂ ಅದರ ಕಾಗದ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ಅವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸರ್ವರುಗಳಿಗೆಂದು ಏಸಿ ಹಾಕಿದ್ದರು. ಆ ಚಳಿಗೆ ಏಪ್ರಿಲ್ ತಿಂಗಳಲ್ಲೂ ಕಂದು ಸ್ವೆಟರ್ ತೊಟ್ಟು, ಜಡೆಗೆ ಒಂದು ತುಂಡು ಮಲ್ಲಿಗೆ ಮುಡಿದು ಓಡಾಡುತ್ತಿದ್ದರು. ಹೊರಗೆ ಬಿಸಿಲಿನಲ್ಲಿ ಕೂತ ರೋಗಿಗಳು ಇವರಿಗೇ ಜ್ವರವೆಂದು ಮರುಗುತ್ತಿದ್ದರು. ಮದುವೆಯಾಗಿರಲಿಲ್ಲ. ಗವಿಪುರದಲ್ಲಿ ಅಕ್ಕನ ಜೊತೆ ಇದ್ದರು. ಅಕ್ಕ ರಿಟೈರಾದ ಸ್ಕೂಲ್ ಟೀಚರ್.

ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು. ಯಾವ ವಿಭಾಗದವರೂ ಬೇಕಾದ್ದಕ್ಕಿಂತ ದುಪ್ಪಟ್ಟು ಕೇಳುವುದು, ನಾನು ಕಣ್ಣು ಮುಚ್ಚಿ ಅದನ್ನು ಅರ್ಧ ಮಾಡುವುದು. ನಾನು ಅರ್ಧ ಮಾಡುತ್ತೇನೆಂದು ಅವರಿಗೆ ಗೊತ್ತು, ಅವರು ದುಪ್ಪಟ್ಟು ಕೇಳುತ್ತಾರೆಂದು ನನಗೆ ಗೊತ್ತು. ಹೀಗೆ ಸಂಸಾರ ಸುಖವಾಗಿ ಸಾಗುತ್ತಿತ್ತು. ಈಯಮ್ಮ ಬಂದು ಕೆಡಿಸಿದರು. ಮೊದಲ ಸಲ ಮೂರು ಕುರ್ಚಿ ಬೇಕೆಂದು ಬರೆದು ಕಳಿಸಿದರು. ನಾನು ಎಂದಿನಂತೆ ಕಡಿಮೆ ಮಾಡಿ ಎರಡು ಕಳಿಸಿದೆ. ಮಧ್ಯಾಹ್ನ ಸ್ವೆಟರ್ ಸಮೇತ ನನ್ನ ಮುಂದೆ ನಿಂತಿದ್ದರು.

"ಎರಡು ಕುರ್ಚಿ ಬಂದಿದೆ. ನಾವು ಮೂರು ಜನ ಇದೀವಿ. ಯಾರು ನಿಂತ್ಕೋಬೇಕು ಅಂತ ನೀವೇ ಬಂದು ಹೇಳ್ಬಿಡಿ, ನನಗೆ ಹೇಳೋಕೆ ಕಷ್ಟ ಆಗತ್ತೆ."

"ಮೇಡಂ, ಎಲ್ರೂ ಒಂದು ಜಾಸ್ತಿ ಹಾಕಿ ಕೇಳ್ತಾರೆ."

"ನಾನು ಕೇಳಲ್ಲ."

ಅಂದಿನಿಂದ ಅವರ ಕಾಗದ ಬಂದರೆ ನಾನು ಪೆನ್ನು ಮುಚ್ಚಿಡುತ್ತಿದ್ದೆ. ಹಾಗೆಂದು ಜಗಳ ನಿಲ್ಲಲಿಲ್ಲ. ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡದೆ ಸೊಪ್ಪು ಕೊಳ್ಳುವ ಹೆಂಗಸನ್ನು ನಾನು ಅವರೊಬ್ಬರನ್ನೇ ಕಂಡದ್ದು. ಅದು ತಪ್ಪೆಂದು ನಾನು, ಕೇಳಿದಷ್ಟು ಕೊಟ್ಟರೆ ಏನು ಗಂಟು ಹೋಗುತ್ತದೆಂದು ಅವರು. ನನ್ನನ್ನು ಕರೆಯುತ್ತಿದ್ದುದೂ "ಏನ್ರೀ ಪರ್ಚೇಸು" ಎಂದೇ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಅವರು ವಿಭಾಗಕ್ಕೊಂದರಂತೆ ಇದ್ದ ಹಳೇ ಸರ್ವರುಗಳನ್ನೆಲ್ಲ ತೆಗೆದು ಎರಡೇ ದೊಡ್ಡ ಯಂತ್ರಗಳಲ್ಲಿ ಎಲ್ಲವನ್ನೂ ಕೂಡಿಸಿದ್ದರು. ಒಂದು ಯಂತ್ರದ ಹೊಟ್ಟೆಯಲ್ಲಿ ಹತ್ತಾರು ಯಂತ್ರ. ವರ್ಚುವಲ್ ಮೆಷಿನ್ ಎನ್ನುತ್ತಿದ್ದರು. ಟ್ರಸ್ಟಿನ ಕಮಿಟಿಯಲ್ಲಿ ಯಾರಿಗೂ ಇದು ತಲೆಗೆ ಹತ್ತದಿದ್ದಾಗ ಅವರು ಹೇಳಿದ್ದು ನನಗೆ ನೆನಪಿದೆ. "ನಾನು ಹುಟ್ಟಿ ಬೆಳೆದದ್ದು ಇಲ್ಲೇ ಐದನೇ ಮೇನ್ ವಠಾರದಲ್ಲಿ. ಪ್ರತಿ ಮನೆಗೂ ಬಾಗಿಲು ಬೇರೆ, ಅಡುಗೆ ಬೇರೆ, ಜಗಳ ಬೇರೆ. ನೀರಿಗೆ ಮಾತ್ರ ಎಲ್ಲರಿಗೂ ಒಂದೇ ಸಂಪು. ಇದೂ ಹಾಗೇನೇ. ಮೆಷಿನ್‌ಗಳು ಬಾಡಿಗೆ ಮನೆಗಳು. ಸ್ಟೋರೇಜ್ ಅನ್ನೋದು ಸಂಪು. ಆ ಸಂಪು ಹಳೇದಾಗಿದೆ, ಬದಲಾಯಿಸ್ಬೇಕು. ಎಷ್ಟು ದೊಡ್ಡದು ಬೇಕು ಅಂತ ಹೇಳೋಕೆ ನನಗೆ ಎರಡು ತಿಂಗಳು ಟೈಮ್ ಕೊಡಿ."

ಕಮಿಟಿಯ ಕಾರ್ಯದರ್ಶಿ ರಿಟೈರ್ಡ್ ಇಂಜಿನಿಯರ್. ಒಳ್ಳೆಯ ಮನುಷ್ಯ, ಆದರೆ ತಪ್ಪೆಂದರೆ ಆಗದು. "ಈಗಿರೋದು ತುಂಬಿದೆ ಅಂತೀರಿ. ಅದರ ಎರಡರಷ್ಟು ತಗೊಂಡ್ರಾಯ್ತಪ್ಪ, ಎರಡು ತಿಂಗಳು ಯಾಕೆ?" ಎಂದರು.

"ತುಂಬಿದೆ ಅಂತ ಬೋರ್ಡ್ ಇದೆ ಸಾರ್. ಒಳಗೆ ನೀರೆಷ್ಟು, ಖಾಲಿ ಕೊಡ ಎಷ್ಟು ಅಂತ ನೋಡ್ಬೇಕು."

ನೋಡುವುದು ಎಂದರೆ ಪರದೆಯ ಮುಂದೆ ಕೂತು ನೋಡುವುದಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ಮೆಷಿನ್ ಅಳೆಯುವಷ್ಟನ್ನು ಮೆಷಿನ್ ಒಂದು ತಿಂಗಳು ಅಳೆಯಿತು. ಇವರು ವಿಭಾಗ ವಿಭಾಗಕ್ಕೆ ಹೋಗಿ ಕೂತರು. ಎಷ್ಟು ಜಾಗ ಬೇಕು ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ದುಪ್ಪಟ್ಟು ಹೇಳುತ್ತಾರಲ್ಲ! "ಯಾವುದನ್ನ ಎಸೆಯೋಕೆ ಮನಸ್ಸು ಬರ್ತಿಲ್ಲ ಹೇಳಿ" ಎಂದು ಕೇಳುತ್ತಿದ್ದರು. ಅಕೌಂಟ್ಸಿನವರ ಹತ್ತಿರ ಒಂದೇ ಫೈಲಿಗೆ ಫೈನಲ್, ಹೊಸ ಫೈನಲ್, ನಿಜವಾದ ಫೈನಲ್ ಎಂದು ಅಣ್ಣತಮ್ಮಂದಿರಂತೆ ಸಾಲು ಪ್ರತಿಗಳಿದ್ದವು. ರಿಸೆಪ್ಷನ್ನಿನ ಮೆಷಿನ್ನಿನಲ್ಲಿ ಮುಕ್ಕಾಲುಪಾಲು ಗಣೇಶನ ಹಬ್ಬದ ಫೋಟೋಗಳು. ಅದರಲ್ಲಿ ನಾನೂ ಇದ್ದೆ, ಪ್ಲಾಸ್ಟಿಕ್ ಲೋಟದಲ್ಲಿ ಪಾನಕ ಕುಡಿಯುತ್ತಿದ್ದೆ. "ಇದನ್ನ ಉಳಿಸ್ಬೇಕಾ?" ಎಂದು ನನ್ನನ್ನೇ ಕರೆದು ಕೇಳಿದರು. ಬೇಡ ಎಂದೆ. ಅವರು ಉಳಿಸಿದರು.

ಲೆಕ್ಕ ಕಟ್ಟುವಾಗ ಸರಾಸರಿ ನಂಬುತ್ತಿರಲಿಲ್ಲ. ಸ್ಕೂಲು ತೆರೆದ ಮೇಲೆ ಮಕ್ಕಳ ಕಣ್ಣಿನ ಶಿಬಿರಗಳು ಶುರುವಾಗುತ್ತವೆ, ಆಗ ನೋಡಿ ಎನ್ನುತ್ತಿದ್ದರು. ಡಿಸ್ಕಿನ ಡಬ್ಬದ ಮೇಲೆ ಬರೆದಷ್ಟು ಜಾಗ ಒಳಗೆ ಸಿಗುವುದಿಲ್ಲ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಹೋಗಬಾರದೆಂದು ಒಂದಷ್ಟು ಬಿಡಬೇಕು. ಅದರ ಮೇಲೆ ಕಾಲು ಭಾಗ ಪೂರ್ತಿ ಖಾಲಿ ಇರಬೇಕೆಂದು ಹಟ ಹಿಡಿದರು. ಅಲ್ಲಿ ನನ್ನ ತಾಳ್ಮೆ ತಪ್ಪಿತು. ಖಾಲಿ ಬಿಡುವುದಕ್ಕೆ ದುಡ್ಡು ಕೊಟ್ಟು ಕೊಳ್ಳುವುದೇ?

"ಖಾಲಿ ಇದೆ ಅಂದ್ರೆ ಸುಮ್ನಿದೆ ಅಂತಲ್ಲ ರೀ ಪರ್ಚೇಸು. ಮೆಷಿನ್‌ಗಳಿಗೆ ಉಸಿರಾಡೋಕೆ ಜಾಗ ಬೇಕು. ಸಂಪು ಒಣಗಿದ್ರೆ ಒಂದು ಮನೆಗಲ್ಲ, ಇಡೀ ವಠಾರಕ್ಕೇ ನೀರಿಲ್ಲ."

ಕಮಿಟಿ ಒಪ್ಪಿತು. ಹೊಸ ಸ್ಟೋರೇಜ್ ಬಂತು. ಇದರ ಜೊತೆಗೆ ಇನ್ನೊಂದು ವಿಷಯ ನಡೆಯುತ್ತಿತ್ತು. ಆ ವರ್ಷ ಅವರ ರಿಟೈರ್‌ಮೆಂಟ್. ಈ ಕೆಲಸ ಅಚ್ಚುಕಟ್ಟಾಗಿ ಮುಗಿದರೆ ಎರಡು ವರ್ಷ ಮುಂದುವರಿಸುತ್ತೇವೆಂದು ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ಹೇಳಿದ್ದರು. ಅವರಿಗೆ ಅದು ಬೇಕಿತ್ತು. ಮುಚ್ಚಿಟ್ಟುಕೊಳ್ಳಲಿಲ್ಲ. "ಸಂಬಳಕ್ಕಲ್ಲ ರೀ. ಬೆಳಗ್ಗೆ ಎದ್ದು ಸ್ವೆಟರ್ ಹಾಕ್ಕೊಳ್ದೆ ನಾನು ಏನ್ಮಾಡ್ಲಿ? ಅಕ್ಕನ ಜೊತೆ ಕೂತು ಸೀರಿಯಲ್ ನೋಡಿದ್ರೆ ಇಬ್ರಲ್ಲಿ ಒಬ್ರು ಉಳಿಯಲ್ಲ" ಎಂದಿದ್ದರು.

ಹಳೆಯದರಿಂದ ಹೊಸದಕ್ಕೆ ಮೆಷಿನ್ನುಗಳನ್ನು ಸಾಗಿಸುವಾಗ ಕೊನೆಗೆ ಒಂದು ಉಳಿಯಿತು. ಅದರ ಹೆಸರು ಟೆಸ್ಟ್ ಎರಡು. ಹಿಂದೆ ಕೆಲಸ ಬಿಟ್ಟುಹೋದ ಯಾರೋ ಪರೀಕ್ಷೆಗೆಂದು ಕಟ್ಟಿದ್ದು. ಎಲ್ಲ ವಿಭಾಗಗಳನ್ನೂ ಕೇಳಿದರು, ನಮ್ಮದಲ್ಲ ಎಂದರು. ಅಳತೆ ತೆಗೆದ ತಿಂಗಳಿಡೀ ಅದರಲ್ಲಿ ಒಂದು ಹುಳವೂ ಅಲ್ಲಾಡಿರಲಿಲ್ಲ. ಪರೀಕ್ಷೆಯದ್ದಾದ್ದರಿಂದ ಅದಕ್ಕೆ ಬೇರೆ ಪ್ರತಿಯೂ ಇರಲಿಲ್ಲ. ಅದನ್ನು ಲೆಕ್ಕದಿಂದ ಬಿಟ್ಟು, ನಿಲ್ಲಿಸಿದರು. ಕಂಪ್ಯೂಟರಿನವರಲ್ಲಿ ಇದೇ ರೂಢಿಯಂತೆ. ಯಾರದೆಂದು ಗೊತ್ತಾಗದ್ದನ್ನು ನಿಲ್ಲಿಸಿ ಕಾಯುವುದು. ಬೇಕಾದವರು ಬಂದು ಕೂಗುತ್ತಾರೆ. ಕೂಗು ಬರದಿದ್ದರೆ ಯಾರಿಗೂ ಬೇಡ ಎಂದು ಅರ್ಥ.

ವಾರಗಳು ಕಳೆದವು. ಯಾರೂ ಕೂಗಲಿಲ್ಲ. ಹಳೆಯ ಸ್ಟೋರೇಜಿನ ಡಬ್ಬವನ್ನು, ಹೊಸದನ್ನು ಮಾರಿದವರಿಗೇ ವಾಪಸ್ ಕೊಡುವ ಒಪ್ಪಂದವಿತ್ತು. ಅವರ ಟೆಂಪೋ ಬಂದು ನಿಂತಿತು. ಮೇಡಂ ಗೇಟ್ ಪಾಸಿಗೆ ಸಹಿ ಹಾಕಲಿಲ್ಲ.

"ಇನ್ನೇನ್ ಮೇಡಂ, ಮಗು ಅತ್ತರೆ ತಾನೇ ತಾಯಿ ಹಾಲು ಕೊಡೋದು. ಯಾರೂ ಅಳ್ತಿಲ್ಲ" ಎಂದೆ.

"ಅದೇ ನನಗೆ ಸರಿ ಬರ್ತಿಲ್ಲ. ಅದರೊಳಗೆ ಇರೋದು ಸಣ್ಣ ಗಾತ್ರ ಅಲ್ಲ. ಪರೀಕ್ಷೆಗೆ ಅಷ್ಟೊಂದು ಯಾರು ತುಂಬ್ತಾರೆ? ಟೆಂಪೋ ವಾಪಸ್ ಕಳ್ಸಿ."

ಟೆಂಪೋದವನ ಹತ್ತಿರ ಬೈಸಿಕೊಂಡದ್ದು ನಾನು. ಮಾರನೆಯ ದಿನ ಮಂಗಳವಾರ. ಅವರು ಕೆಳಗಿನಿಂದ ಶುರುಮಾಡಿ ಕೋಣೆ ಕೋಣೆಯ ಬಾಗಿಲು ತಟ್ಟುತ್ತ ಹೊರಟರು. ಗೊಣಗುತ್ತ ನಾನೂ ಹಿಂದೆ ಹೋದೆ. ಎರಡನೇ ಮಹಡಿಯ ಮೂಲೆಯಲ್ಲಿ ಒಂದು ಸಣ್ಣ ಕೋಣೆ. ಬಸವನಗುಡಿಯಿಂದ ವಾರಕ್ಕೊಮ್ಮೆ, ಮಂಗಳವಾರ ಮಾತ್ರ ಬಂದು ಮಕ್ಕಳ ಮೆಳ್ಳೆಗಣ್ಣು ನೋಡಿ ಹೋಗುವ ಹಿರಿಯ ಡಾಕ್ಟರೊಬ್ಬರು ಅಲ್ಲಿ ಕೂರುತ್ತಿದ್ದರು. ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯ ಯಾವ ಪಟ್ಟಿಯಲ್ಲೂ ಅವರದೊಂದು ವಿಭಾಗ ಎಂದು ಇರಲಿಲ್ಲ, ಹಾಗಾಗಿ ಅವರನ್ನು ಯಾರೂ ಕೇಳಿರಲಿಲ್ಲ. ನಾವು ಹೋದಾಗ ಅವರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಎರಡು ಕಣ್ಣು ಬರೆಯುತ್ತಿದ್ದರು. ಎದುರಿಗೆ ಒಬ್ಬ ಪುಟ್ಟ ಹುಡುಗಿ, ಅವಳ ಅಪ್ಪ. ಅಪ್ಪ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವವನು, ಮೇಡಂ ಗುರುತು ಹಿಡಿದರು.

"ಹೋದ ವರ್ಷ ಕಣ್ಣು ಎಷ್ಟು ವಾಲಿತ್ತು ಅಂತ ನೋಡ್ದೆ ಆಪರೇಷನ್ ಬೇಕೋ ಬೇಡ್ವೋ ಹೇಳೋಕ್ಕಾಗಲ್ಲಪ್ಪ. ಮುಂದಿನ ಮಂಗಳವಾರ ಬಾ" ಎಂದು ಡಾಕ್ಟರು ಅವನಿಗೆ ಹೇಳುತ್ತಿದ್ದರು.

"ಹೋದ್ ಮಂಗಳವಾರಾನೂ ಹಂಗೇ ಅಂದ್ರಿ ಸಾಮಿ" ಎಂದ ಅವನು.

ಮೇಡಂ ಬಾಗಿಲಲ್ಲೇ ನಿಂತು ಕೇಳಿದರು. "ಸಾರ್, ಹಳೇ ಫೋಟೋಗಳು ಎಲ್ಲಿರತ್ತೆ?"

"ಇದರಲ್ಲೇ ಇರ್ತಿತ್ತಮ್ಮ, ಹಿಂದೆ ನಿಮ್ಮಲ್ಲಿದ್ದ ಹುಡುಗ ಒಬ್ಬ ಮಾಡ್ಕೊಟ್ಟಿದ್ದ" ಎಂದು ಡಾಕ್ಟರು ಮೇಜಿನ ಮೇಲಿನ ಕಂಪ್ಯೂಟರ್ ತೋರಿಸಿದರು. "ಪ್ರತಿ ಮಗುವಿಗೂ ಒಂಬತ್ತು ದಿಕ್ಕಿಗೆ ಕಣ್ಣು ತಿರುಗಿಸಿ ಫೋಟೋ ತೆಗೆದಿಡ್ತೀನಿ. ದಸರಾಗೆ ಮುಂಚೆ ಒಂದು ತಿಂಗಳು ಮೈಸೂರಿಗೆ ಮಗಳ ಮನೆಗೆ ಹೋಗಿದ್ದೆ. ಬಂದ್ಮೇಲೂ ಒಂದೆರಡು ತಿಂಗಳು ಸರಿಯಾಗೇ ಇತ್ತು. ಆಮೇಲೆ ಬರ್ತಾನೇ ಇಲ್ಲ. ನೀವೇನೋ ದೊಡ್ಡ ಕೆಲಸದಲ್ಲಿದೀರಿ ಅಂತ ಹೇಳಿದ್ರು. ಮಧ್ಯೆ ನಂದೊಂದು ತೊಂದ್ರೆ ಯಾಕೆ ಅಂತ ಸುಮ್ನಾದೆ. ಕೈಲೇ ಬರ್ಕೋತಿದೀನಿ, ಪರವಾಗಿಲ್ಲ."

ಮೇಡಂ ರೋಗಿಗಳ ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ಮುಖದಲ್ಲಿ ಅಂಥ ಭಯವನ್ನು ನಾನು ಮೊದಲು ಕಂಡಿರಲಿಲ್ಲ. ಟೆಂಪೋ ಹೋಗಿದ್ದರೆ ಆ ಫೋಟೋಗಳು ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. "ಸಾರ್, ಕಾಲು ಗಂಟೆ ಕೂತಿರಿ. ಇವರನ್ನೂ ಕೂರಿಸ್ಕೊಳ್ಳಿ" ಎಂದು ಎದ್ದು, ಮೆಟ್ಟಿಲು ಓಡಿಯೇ ಇಳಿದರು. ಹಳೆಯ ಡಬ್ಬ ಚಾಲೂ ಮಾಡಿ ಟೆಸ್ಟ್ ಎರಡನ್ನು ಎಬ್ಬಿಸಿದರು. ನಾವು ಮತ್ತೆ ಮೇಲೆ ಹತ್ತುವಾಗ ಡಾಕ್ಟರು ಹೋದ ವರ್ಷದ ಫೋಟೋವನ್ನೂ ಎದುರಿಗೆ ಕೂತ ಮಗುವನ್ನೂ ನೋಡಿ, "ಕನ್ನಡಕದಲ್ಲೇ ಸರಿಹೋಗ್ತಾ ಇದೆ ಕಣಪ್ಪ. ಆಪರೇಷನ್ ಬೇಡ" ಎನ್ನುತ್ತಿದ್ದರು. ಸೊಪ್ಪಿನವನು ಮಗಳ ತಲೆ ಸವರಿ ಎದ್ದು ನಿಂತ.

ನನ್ನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಕ್ಯಾಂಟೀನಿನಲ್ಲಿ ಕಾಫಿ ತರಿಸಿ ಹೇಳಿದೆ, "ದೇವರು ದೊಡ್ಡವನು. ಹೊಸದರಲ್ಲಿ ಕಾಲು ಭಾಗ ಖಾಲಿ ಇಟ್ಟಿದೀರಲ್ಲ, ಅದರೊಳಗೆ ಡಾಕ್ಟರ ಫೋಟೋ ತುಂಬಿಸಿ ಬಾಯಿ ಮುಚ್ಕೊಂಡಿರಿ. ಮುಂದಿನ ವಾರ ನಿಮ್ಮ ವಿಷಯ ಕಮಿಟಿ ಮುಂದೆ ಬರತ್ತೆ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ" ಎಂದು ಒಪ್ಪಿದರು. ಸ್ವಲ್ಪ ಹೊತ್ತು ಕಾಫಿ ಆರಿಸುತ್ತ ಕೂತರು. "ತುಂಬಿಸಿದ್ರೆ ಆ ಖಾಲಿ ಜಾಗ ಮುಗೀತು. ಐದು ವರ್ಷ ಬರಬೇಕಾದ್ದು ಎರಡು ವರ್ಷಕ್ಕೆ ತುಂಬತ್ತೆ. ಆಗ ನಾನಿರಲ್ಲ. ಇರೋರು ಏನ್ಮಾಡ್ತಾರೆ? ಏನಾದ್ರೂ ಅಳಿಸ್ತಾರೆ. ಯಾರದ್ದನ್ನ ಅಳಿಸ್ತಾರೆ ಹೇಳಿ? ಅಕೌಂಟ್ಸಿನೋರದ್ದನ್ನ ಮುಟ್ಟಿದ್ರೆ ಅವರು ಕಟ್ಟಡ ಬೀಳೋ ಹಾಗೆ ಕೂಗ್ತಾರೆ. ಕೂಗದೇ ಇರೋರದ್ದನ್ನ ಅಳಿಸ್ತಾರೆ."

"ಅದಕ್ಕೆ?"

"ಇನ್ನೊಂದಷ್ಟು ಡಿಸ್ಕ್ ಬೇಕು ಅಂತ ಕೇಳ್ತೀನಿ. ಯಾಕೆ ಬೇಕಾಯ್ತು ಅಂತಾನೂ ಹೇಳ್ತೀನಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಬೈದೆ. ನಿಮಗೆ ಬದುಕೋ ದಾರಿ ಗೊತ್ತಿಲ್ಲ ಎಂದೆ. "ಸರಿ, ಆಯ್ತು, ಕಾಫಿ ದುಡ್ಡು ನೀವೇ ಕೊಡಿ" ಎಂದು ಎದ್ದು ಹೋದರು.

ಕಮಿಟಿಯಲ್ಲಿ ನಾನೂ ಇದ್ದೆ. ಅವರು ಸುತ್ತಿ ಬಳಸದೆ ಹೇಳಿದರು. ಹೆಸರು ನೋಡಿ ಪರೀಕ್ಷೆಯದ್ದೆಂದುಕೊಂಡೆ, ಡಾಕ್ಟರು ಊರಲ್ಲಿಲ್ಲದ ತಿಂಗಳು ಅಳತೆ ತೆಗೆದೆ, ಅವರ ಮೆಷಿನ್ ನಿಲ್ಲಿಸಿದ್ದು ನಾನೇ, ಮಕ್ಕಳು ವಾರಗಟ್ಟಲೆ ಬಂದು ವಾಪಸ್ ಹೋಗಿದ್ದಾರೆ ಎಂದರು.

ಕಾರ್ಯದರ್ಶಿಗಳು ಕನ್ನಡಕ ತೆಗೆದರು. "ಹಾಗಾದ್ರೆ ನಿಮ್ಮ ಲೆಕ್ಕ ತಪ್ಪು ಅಂತಾಯ್ತು."

"ಹೌದು ಸಾರ್. ತಪ್ಪು."

ಡಿಸ್ಕುಗಳಿಗೆ ಅಂದೇ ಒಪ್ಪಿಗೆ ಸಿಕ್ಕಿತು. ಅವರ ಎರಡು ವರ್ಷದ ವಿಷಯ ಬಂದಾಗ ಕಾರ್ಯದರ್ಶಿಗಳು "ಹೊಸಬರು ನೋಡಿಕೊಳ್ಳಲಿ" ಎಂದು ಮುಂದಿನದಕ್ಕೆ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರ ಮುಖ ನೋಡಿದೆ. ಬೇಸರವಾಗಿತ್ತು, ಕಾಣುತ್ತಿತ್ತು. ಆದರೆ ಡಿಸ್ಕಿನ ಕಾಗದವನ್ನು ನನ್ನ ಕಡೆ ತಳ್ಳಿ, "ಇದನ್ನ ಅರ್ಧ ಮಾಡ್ಬೇಡಿ" ಎಂದರು.

ಅವರು ರಿಟೈರಾಗಿ ಹೋದ ಮೇಲೆ ವಾರಕ್ಕೊಮ್ಮೆಯಾದರೂ ಫೋನ್ ಬರುತ್ತಿತ್ತು. ಮಕ್ಕಳ ಸುದ್ದಿಯಲ್ಲ, ಆರೋಗ್ಯದ ಸುದ್ದಿಯಲ್ಲ. "ಎಷ್ಟು ತುಂಬಿದೆ?" ಎಂದು ಕೇಳುವರು. ಹೊಸಬರಿಂದ ತಿಳಿದು ನಾನು ಹೇಳಬೇಕು. ಒಂದು ವರ್ಷ ದಾಟಿದ ಮೇಲೆ ಒಂದು ದಿನ ಕೇಳಿದರು.

"ಎರಡನೇ ಮಹಡಿ ಡಾಕ್ಟರು ಹೇಗಿದಾರೆ?"

"ಚೆನ್ನಾಗಿದಾರೆ. ಏನೂ ಕೇಳಿಲ್ಲ."

"ಏನೂ ಕೇಳಿಲ್ಲ ಅಂದ್ರೆ ಚೆನ್ನಾಗಿದಾರೆ ಅಂತಲ್ಲ ರೀ. ಹೋಗಿ ವಿಚಾರಿಸಿ."

ಹೋದೆ. "ಏನಾದ್ರೂ ಬೇಕಾ ಸಾರ್?" ಎಂದೆ. "ಏನೂ ಬೇಡಪ್ಪ, ಎಲ್ಲ ಚೆನ್ನಾಗಿದೆ" ಎಂದರು. ಅದನ್ನೇ ಫೋನಿನಲ್ಲಿ ಒಪ್ಪಿಸಿದೆ.

"ಮನೆಗೆ ಬಂದೋರು ಕಾಫಿ ಬೇಡ ಅಂದ ತಕ್ಷಣ ಬಿಟ್ಬಿಡ್ತೀರಾ ನೀವು? ನಮ್ಮ ಕಡೆ ಮೊದಲನೇ ಬೇಡ ಲೆಕ್ಕಕ್ಕುಂಟಾ? ಇನ್ನೊಂದ್ಸಲ ಹೋಗಿ. ಕೂತ್ಕೊಂಡು ಕೇಳಿ."

ಮುಂದಿನ ಮಂಗಳವಾರ ಮತ್ತೆ ಹೋಗಿ, ರೋಗಿಗಳ ಸ್ಟೂಲಿನ ಮೇಲೆ ಕೂತು, ಅದನ್ನೇ ಕೇಳಿದೆ. ಬೇಡವೆಂದರು. ನಾನು ಏಳಲಿಲ್ಲ. ಡಾಕ್ಟರು ಮೇಜಿನ ಮೇಲಿನ ಪೆನ್ಸಿಲನ್ನು ಆಚೆ ಈಚೆ ಇಟ್ಟರು. ಕೊನೆಗೆ, "ಪರದೆ ಸ್ವಲ್ಪ ದೊಡ್ಡದು ಸಿಕ್ಕಿದ್ರೆ ಅನುಕೂಲ ಆಗ್ತಿತ್ತು" ಎಂದರು.

"ಅದಕ್ಕೇನು ಸಾರ್, ತರಿಸ್ತೀನಿ. ಯಾಕೆ, ಇದು ಚಿಕ್ಕದಾಯ್ತಾ?"

"ಚಿಕ್ಕದೇನಲ್ಲ." ಅವರಿಗೆ ನಾಚಿಕೆಯಾಗಿತ್ತು. "ನನ್ನ ಬಲಗಣ್ಣು ಮಂಜಾಗಿದೆ. ಪೊರೆ ಇರ್ಬೇಕು. ಈಚೆಗೆ ಮಕ್ಕಳನ್ನ ಹೊಸದಾಗಿ ಬಂದ ಚಿಕ್ಕ ಡಾಕ್ಟರಮ್ಮ ಜೊತೇಲಿ ಕೂತು ನೋಡ್ತಾರೆ, ಅದಕ್ಕೆ ಮೋಸ ಇಲ್ಲ. ಕೆಳಗೆ ತೋರಿಸೋಣ ಅಂದ್ಕೊಂಡೆ. ಅಲ್ಲಿ ಎಷ್ಟೊಂದು ಜನ ಕಾಯ್ತಿರ್ತಾರೆ, ಮಧ್ಯೆ ನಾನೊಬ್ಬ ಯಾಕೆ ಅಂತ..."

ಕಣ್ಣಾಸ್ಪತ್ರೆಯೊಳಗೆ ಕೂತು ಕಣ್ಣು ಕಳೆದುಕೊಳ್ಳುತ್ತಿದ್ದ ಕಣ್ಣಿನ ಡಾಕ್ಟರು! ಕೈ ಹಿಡಿದು ಎಬ್ಬಿಸಿ ಕೆಳಗೆ ಕರೆತಂದೆ. ಹೊರರೋಗಿಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ, ನರ್ಸಿಗೆ ಹೇಳಿ, ಕಾರಿಡಾರಿಗೆ ಬಂದು ಮೇಡಂಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಈಗ ಎಲ್ಲಿದಾರೆ ಅವರು?" ಎಂದರು.

"ಸಾಲಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ ಬಂದಿದೀನಿ ಮೇಡಂ."

"ಒಬ್ಬರನ್ನೇ ಬಿಟ್ಟು ಬಂದ್ರಾ?"

ತಿರುಗಿ ನೋಡಿದೆ. ಡಾಕ್ಟರು ಸಾಲಿನ ಕಟ್ಟಕಡೆಯಲ್ಲಿ, ಗೋಡೆಗೆ ಅಂಟಿಕೊಂಡು ನಿಂತು, ಆಗ ತಾನೇ ಬಂದ ಮುದುಕಿಯೊಬ್ಬರಿಗೆ ಜಾಗ ಬಿಟ್ಟುಕೊಡುತ್ತಿದ್ದರು.